ತಾಯಿ ನಿರಪರಾಧಿಯಾದರೆ ಸಾಕೆ?

ಚಿಕ್ಕಂದಿನಲ್ಲಿ ಬಿಟ್ಟುಹೋದ ತಾಯಿ ಇಪ್ಪತ್ತು ವರ್ಷದ ಮೇಲೆ ಮನೆಬಾಗಿಲಿಗೆ ಬಂದು ನಿಂತರೆ ಮಗ ಏನು ಮಾಡಬೇಕು? ಧಾರಾವಾಹಿ ನೋಡುವ ಓದುಗರು ಈ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ನನಗೆ ಕೇಳುತ್ತಲೇ ಇರುತ್ತಾರೆ. ಸಕಲೇಶಪುರದ ಸಂತೆಯಲ್ಲಿ ಕೇಳಿದ್ದಾರೆ, ಆಲೂರಿನ ಬಸ್ ನಿಲ್ದಾಣದಲ್ಲಿ ಕೇಳಿದ್ದಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು ಕೇಳಿದ್ದಾರೆ. ವಯಸ್ಸಾದ ಹೆಂಗಸರ ಪ್ರಶ್ನೆ ಹೀಗಿರುತ್ತದೆ: ‘ಹೆತ್ತವಳು ಕಣ್ಣೀರು ಹಾಕ್ಕಂಡು ನಿಂತಿದ್ರೂ ಅವ್ನು ಹಂಗೆ ಮುಖ ತಿರುಗಿಸ್ಬೋದಾ ಮೇಡಂ?’ ಹರೆಯದ ಹುಡುಗರದು ಇದಕ್ಕೆ ತದ್ವಿರುದ್ಧ: ‘ಅತ್ತ ಮಾತ್ರಕ್ಕೆ ಅವನ್ಯಾಕೆ ಕ್ಷಮಿಸ್ಬೇಕು?’ ಎರಡೂ ಕಡೆಯವರ ದನಿಯಲ್ಲಿ ಬಿಸಿಯಿರುತ್ತದೆ. ಬರೀ ಕಥೆಯ ಪಾತ್ರಕ್ಕಾಗಿ ಯಾರೂ ಅಷ್ಟು ಬಿಸಿಯಾಗುವುದಿಲ್ಲ. ತಮ್ಮ ಮನೆಯದೋ, ಅಣ್ಣನ ಮನೆಯದೋ, ಊರಿನ ಯಾವುದೋ ಮನೆಯದೋ ನೆನಪು ಆ ಪ್ರಶ್ನೆಯ ಬೆನ್ನಿಗಿರುತ್ತದೆ. ಹಾಗಾಗಿ ಇದಕ್ಕೆ ಒಂದು ವಾರದ ಅಂಕಣವನ್ನು ಪೂರ್ತಿ ಕೊಡುವುದು ಸರಿ ಎನಿಸಿತು.

ನಮ್ಮ ಕಡೆ ಧಾರಾವಾಹಿಗಿರುವ ಹಿಡಿತ ಪಟ್ಟಣದವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಆಲೂರು, ಸಕಲೇಶಪುರ ತಾಲ್ಲೂಕುಗಳ ತೋಟದ ಹಳ್ಳಿಗಳಲ್ಲಿ ಕತ್ತಲಾಗುವ ಮೊದಲೇ ಜನ ಮನೆ ಸೇರುತ್ತಾರೆ. ಕಾಡಾನೆ ಯಾವ ತಿರುವಿನಲ್ಲಿ ನಿಂತಿದೆಯೋ ಹೇಳಲಾಗದು. ಜೂನ್‌ನಲ್ಲಿ ಮಳೆ ಹಿಡಿದರೆ ಹೆತ್ತೂರು, ಯಸಳೂರು, ಹಾನುಬಾಳು ಕಡೆ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಕರೆಂಟು ಇದ್ದು, ಮೋಡದ ನಡುವೆಯೂ ಡಿಶ್‌ಗೆ ಸಿಗ್ನಲ್ ಸಿಕ್ಕಿತೆಂದರೆ ಸಂಜೆಯಿಂದ ಊಟದ ಹೊತ್ತಿನವರೆಗೆ ಮನೆಮಂದಿಯೆಲ್ಲ ಟಿವಿಯ ಮುಂದೆ. ಸಿಗ್ನಲ್ ಹೋದ ಮನೆಯವರು ಮಾರನೇ ದಿನ ಕೆಲಸದ ನಡುವೆ, ನೋಡಿದವರಿಂದ ಕಥೆ ಕೇಳಿಸಿಕೊಳ್ಳುತ್ತಾರೆ. ಹಣ್ಣು ಕುಯ್ಯುವ ಕಾಲದಲ್ಲಂತೂ ಹಿಂದಿನ ರಾತ್ರಿಯ ಕಂತು ಕಾಫಿ ಗಿಡದ ಸಾಲಿನಿಂದ ಸಾಲಿಗೆ ದಾಟುತ್ತಾ ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಒಂದು ಪಂಚಾಯ್ತಿಯೇ ಆಗಿರುತ್ತದೆ. ಅಲ್ಲಿ ತಾಯಿಯ ಪರ, ಮಗನ ಪರ ಎರಡು ಗುಂಪು. ವಾದ ಮಾಡುವ ಹೆಂಗಸರಲ್ಲಿ ಮಕ್ಕಳನ್ನು ಊರಲ್ಲಿ ಅಜ್ಜಿಯ ಬಳಿ ಬಿಟ್ಟು ದೂರದಿಂದ ಕೂಲಿಗೆ ಬಂದವರೂ ಇರುತ್ತಾರೆ. ಅವರಿಗೆ ಆ ವಾದ ಮನರಂಜನೆಯಲ್ಲ.

ಈ ಚರ್ಚೆಗೆ ಅತಿ ಹೆಚ್ಚು ಮೇವು ಕೊಟ್ಟದ್ದು ಜೀ ಕನ್ನಡದ ‘ಗಟ್ಟಿಮೇಳ’. 2019ರ ಮಾರ್ಚ್‌ನಲ್ಲಿ ಶುರುವಾಗಿ 2024ರ ಜನವರಿಯವರೆಗೆ, ಸಾವಿರ ಕಂತು ದಾಟಿ ನಡೆದ ಧಾರಾವಾಹಿ ಅದು. ರಕ್ಷ್ ಅಭಿನಯಿಸಿದ ವೇದಾಂತ್ ವಸಿಷ್ಠ ದೊಡ್ಡ ಉದ್ಯಮಿ, ತಮ್ಮಂದಿರು ತಂಗಿಯ ಪಾಲಿಗೆ ತಂದೆಯಂಥ ಅಣ್ಣ. ಆದರೆ ಹೆಂಗಸರೆಂದರೆ ಅವನಿಗೆ ಸಿಡುಕು, ಅಪನಂಬಿಕೆ. ಹೆತ್ತ ತಾಯಿ ತಮ್ಮನ್ನೆಲ್ಲ ಬಿಟ್ಟುಹೋದಳು ಎಂಬ ನೋವು ಆ ಸಿಡುಕಿನ ಬೇರು. ನಿಶಾ ರವಿಕೃಷ್ಣನ್ ಅಭಿನಯದ ಜಗಳಗಂಟಿ ಅಮೂಲ್ಯ ಅವನ ಬದುಕಿಗೆ ಬಂದು ಆ ಗಂಟನ್ನು ಸಡಿಲಿಸುತ್ತಾಳೆ. ಮುಂದೆ ತಾಯಿ ವೈದೇಹಿ ಕಥೆಯೊಳಗೆ ಬರುತ್ತಾಳೆ. ಅವಳು ದೂರವಾದದ್ದರ ಹಿಂದೆ ಮನೆಯೊಳಗೇ ಇದ್ದ ಸುಹಾಸಿನಿಯ ಸಂಚಿತ್ತು ಎಂಬುದು ನೋಡುವವರಿಗೆ ಮೊದಲು ತಿಳಿಯುತ್ತದೆ, ಮಗನಿಗೆ ಬಹಳ ತಡವಾಗಿ. 2023ರ ಮೇ ತಿಂಗಳಲ್ಲಿ ಅದೇ ವಾಹಿನಿಯಲ್ಲಿ ಶುರುವಾದ ‘ಅಮೃತಧಾರೆ’ಯಲ್ಲೂ ಇದೇ ಎಳೆಯಿದೆ. ರಾಜೇಶ್ ನಟರಂಗ ಅಭಿನಯದ ಗೌತಮ್ ಮಲತಾಯಿ ಶಕುಂತಲಾಳನ್ನು ದೇವರಂತೆ ನಂಬಿ ಬೆಳೆದವನು. ಹೆತ್ತವಳು ಅವನಿಗೆ ಸಿಕ್ಕುವುದು ನಡುವಯಸ್ಸಿನಲ್ಲಿ.

ಎರಡೂ ಕಥೆಗಳಲ್ಲಿ ಒಂದು ಅಂಶ ಸಮಾನ. ತಾಯಿ ತಪ್ಪು ಮಾಡಿಲ್ಲ. ಅವಳನ್ನು ದೂರ ಮಾಡಿದವರು ಬೇರೆ. ಇದಕ್ಕೆ ಕಸುಬಿನ ಕಾರಣವೂ ಇದೆ. ವಾರಕ್ಕೆ ಐದಾರು ಕಂತು ನಡೆಯಬೇಕು. ಬಾರ್ಕ್ ಸಂಸ್ಥೆ ವಾರವಾರ ಕೊಡುವ ವೀಕ್ಷಣೆಯ ಅಂಕಿ ಇಳಿಯಬಾರದು. ಹೀಗಿರುವಾಗ, ನಮಗೆ ಗೊತ್ತಿದ್ದು ಮಗನಿಗೆ ಗೊತ್ತಿಲ್ಲದ ಗುಟ್ಟಿಗಿಂತ ದೊಡ್ಡ ಬಂಡವಾಳ ಬರಹಗಾರನಿಗೆ ಇನ್ನೊಂದಿಲ್ಲ. ಇವತ್ತು ಗೊತ್ತಾಗುತ್ತದೆ, ನಾಳೆ ಗೊತ್ತಾಗುತ್ತದೆ ಎಂದು ನಾವು ತಿಂಗಳುಗಟ್ಟಲೆ ಕಾಯುತ್ತೇವೆ. ಕೊನೆಗೊಂದು ಮಹಾಸಂಚಿಕೆಯಲ್ಲಿ ಸಂಚು ಬಯಲಾಗುತ್ತದೆ, ಮಗ ‘ಅಮ್ಮಾ’ ಎಂದು ಓಡಿಬಂದು ತಬ್ಬಿಕೊಳ್ಳುತ್ತಾನೆ, ಮನೆಮನೆಯಲ್ಲೂ ಸೆರಗು ಕಣ್ಣಿಗೆ ಹೋಗುತ್ತದೆ. ಆ ಕಣ್ಣೀರು ನಿಜವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಿನವಿಡೀ ದುಡಿದ ಹೆಂಗಸು ತನ್ನ ಸ್ವಂತದ ಯಾವುದೋ ದುಃಖವನ್ನು ಆ ತಬ್ಬುಗೆಯ ನೆಪದಲ್ಲಿ ಅತ್ತು ಹಗುರಾಗುತ್ತಾಳೆ. ಧಾರಾವಾಹಿ ಮಾಡುವ ದೊಡ್ಡ ಉಪಕಾರ ಅದು.

ನನ್ನ ತಕರಾರು ಇರುವುದು ಆ ತಬ್ಬುಗೆಗೆ ಕೊಟ್ಟಿರುವ ಕಾರಣದ ಬಗ್ಗೆ. ತಾಯಿ ನಿರಪರಾಧಿ ಎಂದು ಸಾಬೀತಾಯಿತು, ಆದ್ದರಿಂದ ಮಗನ ನೋವು ಮುಗಿಯಿತು ಎಂದು ಕಥೆ ಹೇಳುತ್ತದೆ. ಹಾಗೆಂದು ನಂಬಿದ ಮನೆಗಳಲ್ಲಿ ಏನಾಗುತ್ತದೆಂದು ನೋಡಿದ್ದೇನೆ. ಬಂಧುಗಳೆಲ್ಲ ವಕೀಲರಾಗುತ್ತಾರೆ. ಹಳೆಯ ಕಾಗದ ತೆಗೆಯುತ್ತಾರೆ, ದೇವರ ಮುಂದೆ ಆಣೆ ಇಡಿಸುತ್ತಾರೆ, ‘ನೋಡಪ್ಪಾ, ನಿಮ್ಮವ್ವನ ತಪ್ಪೇನೂ ಇಲ್ಲ, ಇನ್ನಾದ್ರೂ ಸರಿಹೋಗು’ ಎನ್ನುತ್ತಾರೆ. ಸರಿಹೋಗದ ಮಗನನ್ನು ಕಲ್ಲೆದೆಯವನು ಎಂದು ಆಡಿಕೊಳ್ಳುತ್ತಾರೆ. ಯಾರು ತಳ್ಳಿದರೆಂದು ಗೊತ್ತಾದ ಮಾತ್ರಕ್ಕೆ ಮುರಿದ ಕಾಲು ಕೂಡಿಕೊಳ್ಳುವುದಿಲ್ಲ. ಮಗನ ನೋವು ತಾಯಿಯ ಮೇಲಿನ ಆರೋಪದಿಂದ ಹುಟ್ಟಿದ್ದಲ್ಲ, ಅವಳಿಲ್ಲದೆ ಕಳೆದ ವರ್ಷಗಳಿಂದ ಹುಟ್ಟಿದ್ದು. ಆರೋಪ ಬಿದ್ದುಹೋದರೂ ಆ ವರ್ಷಗಳು ಹಾಗೇ ಇರುತ್ತವೆ.

ಮಗನ ತಣ್ಣನೆಯ ಮುಖಕ್ಕೆ ಅರ್ಥವೇನು ಎಂಬುದನ್ನು ಮನಶ್ಶಾಸ್ತ್ರ ಎಪ್ಪತ್ತು ವರ್ಷಗಳ ಹಿಂದೆಯೇ ವಿವರಿಸಿದೆ. ಆಗ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದಾಖಲಾದ ಮಕ್ಕಳ ಜೊತೆ ತಾಯಿ ಉಳಿಯುವಂತಿರಲಿಲ್ಲ. ಅಂಥ ಮಕ್ಕಳನ್ನು ಜಾನ್ ಬೌಲ್ಬಿ ಮತ್ತು ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಗಮನವಿಟ್ಟು ನೋಡಿದರು. ರಾಬರ್ಟ್‌ಸನ್ 1952ರಲ್ಲಿ ಎರಡು ವರ್ಷದ ಒಂದು ಹುಡುಗಿಯ ಆಸ್ಪತ್ರೆಯ ದಿನಗಳನ್ನು ಚಿತ್ರೀಕರಿಸಿ ವೈದ್ಯರಿಗೆ ತೋರಿಸಿದರು. ಅವರು ಕಂಡದ್ದು ಮೂರು ಹಂತ. ಮೊದಲು ಮಗು ರಚ್ಚೆ ಹಿಡಿದು ಅಳುತ್ತದೆ, ತಾಯಿ ಬೇಕೆಂದು ಜಗಳ ಮಾಡುತ್ತದೆ. ಆಮೇಲೆ ಅಳು ನಿಂತು ಸೊರಗುತ್ತದೆ. ಮೂರನೆಯ ಹಂತದಲ್ಲಿ ಆಟವಾಡುತ್ತದೆ, ಊಟ ಮಾಡುತ್ತದೆ, ದಾದಿಯರೊಂದಿಗೆ ನಗುತ್ತದೆ. ಮಗು ಹೊಂದಿಕೊಂಡಿತು ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಅಷ್ಟರಲ್ಲಿ ತಾಯಿ ಬರುತ್ತಾಳೆ, ಮಗು ಅವಳನ್ನು ಗುರುತೇ ಇಲ್ಲವೆಂಬಂತೆ ನೋಡಿ ಮುಖ ತಿರುಗಿಸುತ್ತದೆ. ಪ್ರೀತಿ ಸತ್ತದ್ದಕ್ಕೆ ತಿರುಗಿಸಿದ ಮುಖವಲ್ಲ ಅದು. ಕಾದು ಕಾದು ಬಸವಳಿದ ಮನಸ್ಸು ಇನ್ನೊಮ್ಮೆ ಅಂಥ ಪೆಟ್ಟು ತಾಳಲಾರೆನೆಂದು ಬಾಗಿಲು ಹಾಕಿಕೊಂಡಿರುತ್ತದೆ.

ಕೆಲವೇ ದಿನ ಅಗಲಿದ ಮಗು ಹೀಗಾದರೆ ಇಪ್ಪತ್ತು ವರ್ಷ ಅಗಲಿದವನ ಗತಿಯೇನು? ವೇದಾಂತನಂಥ ಪಾತ್ರ ನಮ್ಮನ್ನು ಹಿಡಿದು ಕೂರಿಸಿದ್ದು ಈ ಸತ್ಯವನ್ನು ಅದು ಮುಟ್ಟಿದ್ದರಿಂದ. ಮೇಲೆ ಗತ್ತು, ಒಳಗೆ ಬಾಗಿಲ ಬಳಿಯೇ ನಿಂತ ಹುಡುಗ. ಅಷ್ಟರ ಮಟ್ಟಿಗೆ ಧಾರಾವಾಹಿಯ ಬರಹಗಾರರು ಮನುಷ್ಯರನ್ನು ಚೆನ್ನಾಗಿ ಬಲ್ಲವರು.

ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ನನಗೆ ಅಂಥ ಒಬ್ಬ ಹುಡುಗ ಸಿಕ್ಕಿದ್ದ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿ ಹೇಳುತ್ತೇನೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಾಯಿಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದ. ಕೇಳಿದರೆ, ‘ಬರೀಲೇಬೇಕಾ ಮೇಡಂ?’ ಎಂದ. ಅವನಿಗೆ ಐದು ತುಂಬುವ ಮೊದಲೇ ತಂದೆ ತೀರಿಕೊಂಡಿದ್ದರು, ತಾಯಿಗೆ ತವರಿನವರು ಇನ್ನೊಂದು ಮದುವೆ ಮಾಡಿದ್ದರು. ಹುಡುಗ ಅಪ್ಪನ ಮನೆಯಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದ. ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಚಿಕ್ಕಮ್ಮನೊಬ್ಬಳು ತಾಯಿಯನ್ನು ಕರೆತಂದಳು. ಮಗುವನ್ನು ಜೊತೆಗೆ ಕರೆದೊಯ್ಯಲು ಅವಳು ಎಷ್ಟು ಗೋಗರೆದಿದ್ದಳು, ಎರಡೂ ಮನೆಯವರು ಹೇಗೆ ಒಪ್ಪಲಿಲ್ಲ ಎಂಬುದೆಲ್ಲ ಅವನಿಗೆ ಆಗ ತಿಳಿಯಿತು. ಸ್ವಲ್ಪ ದಿನದ ಮೇಲೆ ನನ್ನನ್ನು ನೋಡಲು ಬಂದಾಗ ಅವನು ಹೇಳಿದ ಮಾತು ಇದು: ‘ಅವ್ರು ಹೇಳಿದ್ದೆಲ್ಲಾ ನಂಬ್ತೀನಿ ಮೇಡಂ. ಅವ್ರದೇನೂ ತಪ್ಪಿಲ್ಲ. ಆದ್ರೆ ನಂಗೆ ಜ್ವರ ಬಂದಾಗ ಅವ್ರಿರ್ಲಿಲ್ಲ. ಅದನ್ನ ಯಾರ್ ಹತ್ರ ಕೇಳ್ಲಿ?’

ತಪ್ಪಿತಸ್ಥರು ಯಾರೂ ಇಲ್ಲದ ನೋವು ಅತಿ ಕಷ್ಟದ್ದು, ಏಕೆಂದರೆ ಅದನ್ನು ಇಳಿಸಲು ಜಾಗವೇ ಸಿಗುವುದಿಲ್ಲ. ತಾಯಿ ಕೆಟ್ಟವಳು ಎಂದುಕೊಂಡಿದ್ದಾಗ ಅವನಿಗೆ ಕೋಪವಾದರೂ ಇತ್ತು. ಅವಳು ಒಳ್ಳೆಯವಳೆಂದು ತಿಳಿದ ದಿನ ಆ ಆಸರೆಯೂ ಹೋಯಿತು. ಸಂಚು ಬಯಲಾದ ಗಳಿಗೆಯಲ್ಲಿ ಧಾರಾವಾಹಿಯ ಮಗ ಓಡಿಬಂದು ತಬ್ಬುತ್ತಾನೆ. ಬದುಕಿನಲ್ಲಿ ಅನೇಕ ಗಂಡುಮಕ್ಕಳು ಆ ಗಳಿಗೆಯಲ್ಲಿ ಮೊದಲಿಗಿಂತ ಹೆಚ್ಚು ಮೌನವಾಗುತ್ತಾರೆ. ಸತ್ಯ ತಿಳಿದ ಮೇಲೂ ಅವನೇಕೆ ಹೀಗೆ ಎಂದು ಮನೆಯವರು ಬೇಸರಪಡುವುದು ಆಗಲೇ. ಅವನಿಗೆ ನಿಜವಾಗಿ ಜೊತೆ ಬೇಕಾಗಿರುವುದೂ ಆಗಲೇ.

ಅಮೆರಿಕದ ಪಾಲಿನ್ ಬಾಸ್ ಎಂಬ ಕುಟುಂಬ ಚಿಕಿತ್ಸಕಿ, ಮುಗಿಯದೆ ಉಳಿಯುವ ಇಂಥ ಅಗಲಿಕೆಯ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಯುದ್ಧದಲ್ಲಿ ಕಾಣೆಯಾದವರ ಮನೆಯವರಿಂದ ಶುರುವಾದ ಕೆಲಸ ಅದು. ವ್ಯಕ್ತಿ ಸತ್ತೂ ಇಲ್ಲ, ಜೊತೆಗೂ ಇಲ್ಲ ಎಂಬ ಸ್ಥಿತಿಯಲ್ಲಿ ದುಃಖ ಹೆಪ್ಪುಗಟ್ಟಿ ನಿಲ್ಲುತ್ತದೆ ಎಂಬುದು ಅವರ ತಿಳಿವು. ನಮ್ಮ ಹಳ್ಳಿಯ ಬದುಕಿಗೆ ಹಚ್ಚಿ ನೋಡಿದರೆ ಇದು ತಕ್ಷಣ ಅರ್ಥವಾಗುತ್ತದೆ. ತಾಯಿ ಸತ್ತರೆ ಊರು ಬರುತ್ತದೆ, ಹನ್ನೊಂದನೆಯ ದಿನದ ಕಾರ್ಯವಾಗುತ್ತದೆ, ವರ್ಷವರ್ಷ ಎಡೆ ಇಡುತ್ತಾರೆ. ಮಗು ಅತ್ತರೆ ನಾಲ್ಕು ಜನ ಮಡಿಲಿಗೆ ಎಳೆದುಕೊಳ್ಳುತ್ತಾರೆ. ತಾಯಿ ಬಿಟ್ಟುಹೋದರೆ ಇದ್ಯಾವುದೂ ಇಲ್ಲ. ಅವಳ ಫೋಟೋ ಟ್ರಂಕಿನ ಅಡಿ ಸೇರುತ್ತದೆ, ಮನೆಯಲ್ಲಿ ಅವಳ ಹೆಸರೆತ್ತುವುದು ನಿಲ್ಲುತ್ತದೆ. ಮಗು ಊಟಕ್ಕೆ ಹಟ ಮಾಡಿದ ದಿನ ಮಾತ್ರ ಯಾರೋ ‘ನಿಮ್ಮವ್ವ ನಿನ್ನ ಬಿಟ್ಟೋದ್ಲು ಕಣ್ಲಾ’ ಎಂದುಬಿಡುತ್ತಾರೆ. ಅಷ್ಟು ಚಿಕ್ಕವನಿಗೆ ಸಂಚು, ಆಸ್ತಿ, ಮರುಮದುವೆ ಯಾವುದೂ ತಿಳಿಯದು. ತಾನು ಒಳ್ಳೆಯ ಮಗುವಾಗಿದ್ದರೆ ಅವಳು ಇರುತ್ತಿದ್ದಳು ಎಂಬ ಒಂದು ಲೆಕ್ಕ ಮಾತ್ರ ಅವನ ಮನಸ್ಸಿಗೆ ಬರುತ್ತದೆ. ದೊಡ್ಡವನಾದ ಮೇಲೂ ಆ ಲೆಕ್ಕ ಒಳಗೇ ಇರುತ್ತದೆ. ಅದನ್ನು ಅಳಿಸಲು ಸುಹಾಸಿನಿಯ ತಪ್ಪೊಪ್ಪಿಗೆ ಸಾಲದು.

ಇನ್ನು ತಾಯಿಯ ಕಡೆಗೆ ಬರೋಣ. ಹಳೆಯ ಮೈಸೂರು ಸೀಮೆಯ ಅನೇಕ ಸಮುದಾಯಗಳಲ್ಲಿ ಗಂಡ ಸತ್ತ ಹೆಣ್ಣು ಮತ್ತೆ ಸಂಸಾರ ಹೂಡುವ ರೂಢಿಯಿತ್ತು. ಕೂಡಿಕೆ, ಸೀರುಡಿಕೆ ಎಂದು ಅದನ್ನು ಕರೆಯುತ್ತಿದ್ದರು. ಎಚ್.ವಿ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರು ಮೈಸೂರು ಸಂಸ್ಥಾನದ ಜಾತಿ, ಬುಡಕಟ್ಟುಗಳ ಬಗ್ಗೆ ಹೊರತಂದ ಸಂಪುಟಗಳಲ್ಲಿ ಇದು ದಾಖಲಾಗಿದೆ. ಹೆಣ್ಣಿಗೆ ಎರಡನೆಯ ಬದುಕು ಕೊಟ್ಟ ಆ ರೂಢಿ ಒಂದು ಬೆಲೆಯನ್ನೂ ಕೇಳುತ್ತಿತ್ತು. ಸತ್ತ ಗಂಡನ ಆಸ್ತಿಯನ್ನು ಅವಳು ಬಿಡಬೇಕು. ಮಕ್ಕಳು ಅಪ್ಪನ ಮನೆಯ ಕುಡಿಗಳು, ಅವರು ಅಲ್ಲೇ ಉಳಿಯಬೇಕು. ಕಾನೂನು ಆಮೇಲೆ ಬದಲಾಯಿತು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದಿತು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತಾಯಿಯ ಪಾಲಕತ್ವಕ್ಕೆ ಇನ್ನಷ್ಟು ಬಲ ಕೊಟ್ಟಿತು. ಆದರೆ ನಮ್ಮ ಜಗಲಿಗಳ ಮೇಲೆ ಇವತ್ತಿಗೂ ನಡೆಯುವುದು ಹಳೆಯ ರೂಢಿಯ ಮಾತೇ. ‘ಬಿಟ್ಟುಹೋದಳು’ ಎಂದು ನಾವು ಹೇಳುವ ಎಷ್ಟೋ ತಾಯಂದಿರು, ಮಗುವನ್ನು ಬಿಟ್ಟು ಹೋಗು ಎಂಬ ಕರಾರಿಗೆ ತಲೆಬಾಗಿದವರು. ಧಾರಾವಾಹಿಯಲ್ಲಿ ಒಬ್ಬ ಖಳನಾಯಕಿ ಮಾಡಿದ ಕೆಲಸವನ್ನು ಬದುಕಿನಲ್ಲಿ ಒಳ್ಳೆಯವರೇ ಆದ ಹತ್ತು ಜನ ಕೂತು ಮಾಡಿರುತ್ತಾರೆ.

ಈ ಕಥೆಯನ್ನು ಅತ್ಯಂತ ಪ್ರಾಮಾಣಿಕವಾಗಿ ಬರೆದವರಲ್ಲಿ ಒಬ್ಬರು ನಮ್ಮ ಜಿಲ್ಲೆಯವರೇ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರು 1965ರಲ್ಲಿ ‘ವಂಶವೃಕ್ಷ’ ಪ್ರಕಟಿಸಿದರು. ನಂಜನಗೂಡಿನ ಶ್ರೋತ್ರಿಯರ ಸೊಸೆ ಕಾತ್ಯಾಯನಿ ವಿಧವೆಯಾಗಿ, ಮೈಸೂರಿಗೆ ಓದಲು ಹೋಗಿ, ಅಲ್ಲಿ ರಾಜನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಮಗ ಅತ್ತೆ ಮಾವನ ಮನೆಯಲ್ಲೇ ಉಳಿಯುತ್ತಾನೆ. ವರ್ಷಗಳ ಮೇಲೆ ಅವಳು ಪಾಠ ಮಾಡುವ ಕಾಲೇಜಿಗೇ ಅವನು ವಿದ್ಯಾರ್ಥಿಯಾಗಿ ಬರುತ್ತಾನೆ. ತಾಯಿ ಹತ್ತಿರವಾಗಲು ಹಂಬಲಿಸುತ್ತಾಳೆ, ಮಗ ದೂರವೇ ನಿಲ್ಲುತ್ತಾನೆ. ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು 1970ರ ದಶಕದ ಆರಂಭದಲ್ಲಿ ಇದನ್ನು ಸಿನಿಮಾ ಮಾಡಿದಾಗ ಎಲ್.ವಿ. ಶಾರದಾ ಕಾತ್ಯಾಯನಿಯಾಗಿದ್ದರು. ಈ ಕಥೆಯಲ್ಲಿ ಸಂಚು ಮಾಡಿದವರು ಯಾರೂ ಇಲ್ಲ. ಪ್ರೀತಿಸಿದ ಹೆಣ್ಣು ಕೆಟ್ಟವಳಲ್ಲ, ಮೊಮ್ಮಗನನ್ನು ಸಾಕಿದ ಅಜ್ಜ ಕ್ರೂರಿಯಲ್ಲ, ಒಪ್ಪದ ಮಗನೂ ದುಷ್ಟನಲ್ಲ. ಕಾದಂಬರಿ ಕಾತ್ಯಾಯನಿಗೆ ಬಹಳ ಕಠಿಣವಾದ ಶಿಕ್ಷೆ ಕೊಟ್ಟಿತು ಎಂಬುದು ನನ್ನ ಅಭಿಪ್ರಾಯ. ಆದರೂ ಅವಳಿಗೆ ಅವಳದೇ ಒಂದು ಕಾರಣವನ್ನು ಭೈರಪ್ಪನವರು ಕೊಟ್ಟರು. ಅವಳು ಬಯಸಿದ್ದಳು, ಆರಿಸಿದ್ದಳು, ಆಯ್ಕೆಯ ಭಾರ ಹೊತ್ತಿದ್ದಳು. ಸಂಚಿಗೆ ಬಲಿಯಾದ ತಾಯಿಗಿಂತ ಅಂಥ ತಾಯಿಯನ್ನು ನೋಡುವುದು ಹೆಚ್ಚು ಕಷ್ಟ, ಹೆಚ್ಚು ಅಗತ್ಯ ಕೂಡ.

ಅದಕ್ಕೂ ಹಿಂದಿನ ಕಥೆ ನಮ್ಮ ಜನಕ್ಕೆ ಬಾಯಿಪಾಠ. ಯಕ್ಷಗಾನ ತಾಳಮದ್ದಲೆಯಲ್ಲಿ ‘ಕರ್ಣಭೇದನ’ ಪ್ರಸಂಗ ಕೂತು ಕೇಳಿದವರಿಗೆ ಕುಂತಿ ಕರ್ಣರ ಮಾತುಕತೆಯ ಬಿಸಿ ಗೊತ್ತು. ಮದುವೆಗೆ ಮುಂಚೆ ಹುಟ್ಟಿದ ಮಗುವನ್ನು ಲೋಕದ ಮಾತಿಗೆ ಹೆದರಿ ಕುಂತಿ ಹೊಳೆಗೆ ಬಿಟ್ಟಳು, ಯುದ್ಧ ಹತ್ತಿರವಾದಾಗ ಹುಡುಕಿಕೊಂಡು ಬಂದಳು. ವ್ಯಾಸರ ಉದ್ಯೋಗಪರ್ವದ ಕರ್ಣ ಅವಳಿಗೆ ನೇರವಾಗಿಯೇ ಹೇಳುತ್ತಾನೆ: ತಾಯಿಯಾಗಿ ನನ್ನ ಹಿತವನ್ನು ನೀನು ಎಂದೂ ನೋಡಲಿಲ್ಲ, ಈಗ ಬಂದದ್ದೂ ನಿನ್ನ ಹಿತಕ್ಕೆ. ಇಷ್ಟು ಹೇಳಿದವನೇ ಅರ್ಜುನನೊಬ್ಬನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲವೆಂದು ಮಾತು ಕೊಡುತ್ತಾನೆ. ಅವಳು ತಾಯಿ ಎಂಬುದನ್ನು ಒಪ್ಪಿದ, ಅವಳ ಕಡೆಗೆ ಬರಲು ಒಪ್ಪಲಿಲ್ಲ. ಸಾಕಿದ ರಾಧೆಯನ್ನೂ, ಅನ್ನ ಕೊಟ್ಟ ದುರ್ಯೋಧನನನ್ನೂ ಬಿಡಲಿಲ್ಲ. ತಬ್ಬುವುದಕ್ಕೂ ತಳ್ಳುವುದಕ್ಕೂ ನಡುವೆ ನಿಲ್ಲಲು ಒಂದು ಗೌರವದ ಜಾಗ ಇದೆಯೆಂದು ಕರ್ಣ ತೋರಿಸಿದ. ಕುಂತಿ ಸತ್ಯವನ್ನು ಉಳಿದ ಮಕ್ಕಳಿಗೆ ಹೇಳಿದ್ದು ಯುದ್ಧ ಮುಗಿದು ತರ್ಪಣ ಬಿಡುವ ಹೊತ್ತಿನಲ್ಲಿ. ಅಣ್ಣನನ್ನೇ ಕೊಂದೆವೆಂದು ತಿಳಿದ ಧರ್ಮರಾಯ ಆ ಮೌನವನ್ನು ಶಪಿಸಿದ. ಮುಚ್ಚಿಟ್ಟ ತಾಯ್ತನ ಬಿಟ್ಟ ಮಗನನ್ನು ಮಾತ್ರ ಸುಡುವುದಿಲ್ಲ, ಜೊತೆಗಿದ್ದ ಮಕ್ಕಳನ್ನೂ ಸುಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈ ಎಲ್ಲ ಚರ್ಚೆಯಲ್ಲಿ ತಪ್ಪಿಸಿಕೊಳ್ಳುವವನು ತಂದೆ. ಧಾರಾವಾಹಿಗಳಲ್ಲಿ ಅವನು ಸತ್ತಿರುತ್ತಾನೆ, ಇಲ್ಲವೇ ಎಲ್ಲ ನೋಡಿಯೂ ಸುಮ್ಮನಿರುತ್ತಾನೆ. ಹೋದ ತಾಯಿಯನ್ನು ಕೇಳುವಷ್ಟು ನಾವು ಇದ್ದ ತಂದೆಯನ್ನು ಕೇಳುವುದಿಲ್ಲ. ಬೌಲ್ಬಿಯ ವಿಚಾರಗಳ ಬಗ್ಗೆಯೂ ಇದೇ ಆಕ್ಷೇಪ ಬಂದಿತ್ತು, ಮಗುವಿನ ಇಡೀ ಭವಿಷ್ಯವನ್ನು ತಾಯಿಯೊಬ್ಬಳ ತಲೆಗೆ ಕಟ್ಟಿದರು ಎಂದು. 1972ರಲ್ಲಿ ಮೈಕೆಲ್ ರಟ್ಟರ್ ಆ ಅಧ್ಯಯನಗಳನ್ನೆಲ್ಲ ಮರುಪರಿಶೀಲಿಸಿ, ಮಗುವಿನ ಬಾಂಧವ್ಯ ತಾಯಿಯೊಬ್ಬಳೊಂದಿಗೇ ಬೆಸೆದಿರಬೇಕೆಂದಿಲ್ಲ, ನಂಬಿಕೆಯಿಂದ ಜೊತೆಗಿರುವ ಬೇರೆಯವರೂ ಮಗುವನ್ನು ಕಾಯಬಲ್ಲರು ಎಂದು ತೋರಿಸಿದರು. ಮಲೆನಾಡಿನ ಅಜ್ಜಿಯರು ಇದನ್ನು ಯಾರೂ ಹೇಳಿಕೊಡದೆ ಮಾಡಿಕೊಂಡು ಬಂದಿದ್ದಾರೆ. ನನ್ನ ವಿದ್ಯಾರ್ಥಿ ಓದಿ ನಿಂತದ್ದು ಅವನ ಅಜ್ಜಿಯ ಕೈಯಿಂದ. ತಾಯಿ ಮರಳಿದ ಮನೆಯಲ್ಲಿ ಸಾಕಿದವಳನ್ನು ಮರೆಯಬಾರದು. ಹೆತ್ತವಳನ್ನು ಹತ್ತಿರ ಮಾಡಿಕೊಂಡರೆ ಸಾಕಿದವಳಿಗೆ ದ್ರೋಹವಾದೀತೆಂಬ ಅಳುಕು ಎಷ್ಟೋ ಗಂಡುಮಕ್ಕಳ ಕಾಲು ಹಿಡಿದು ನಿಲ್ಲಿಸಿರುತ್ತದೆ.

ಹಾಗಾದರೆ ದಾರಿ ಯಾವುದು? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲ್ಲೆಮರ್ ಮುರಿದ ಕುಟುಂಬಗಳ ಬಗ್ಗೆ ದೊಡ್ಡ ಸಮೀಕ್ಷೆ ನಡೆಸಿ 2020ರಲ್ಲಿ ಪುಸ್ತಕ ಪ್ರಕಟಿಸಿದರು. ಅಲ್ಲಿ ಉತ್ತರಿಸಿದವರಲ್ಲಿ ಶೇ 27 ಮಂದಿ ಹತ್ತಿರದ ಒಬ್ಬ ಸಂಬಂಧಿಯಿಂದ ದೂರವಾಗಿದ್ದರು. ಮತ್ತೆ ಕೂಡಿಕೊಂಡವರನ್ನು ಅವರು ವಿವರವಾಗಿ ಮಾತಾಡಿಸಿದಾಗ ಒಂದು ಅಂಶ ಎದ್ದು ಕಂಡಿತು. ಹಿಂದೆ ನಡೆದದ್ದರ ಬಗ್ಗೆ ತಾನು ಹೇಳುವ ಕಥೆಯನ್ನೇ ಎದುರಿನವರೂ ಒಪ್ಪಬೇಕೆಂಬ ಹಟವನ್ನು ಅವರಲ್ಲಿ ಅನೇಕರು ಬಿಟ್ಟಿದ್ದರು. ಧಾರಾವಾಹಿ ಹೇಳುವುದಕ್ಕೆ ಇದು ವಿರುದ್ಧ. ಅಲ್ಲಿ ಮೊದಲು ತೀರ್ಪು, ಆಮೇಲೆ ಸಂಬಂಧ. ಬದುಕಿನಲ್ಲಿ ತೀರ್ಪನ್ನು ಬದಿಗಿಟ್ಟವರಿಗೆ ಸಂಬಂಧ ಸಿಕ್ಕಿತು.

ನನ್ನ ವಿದ್ಯಾರ್ಥಿಯ ಮನೆಯಲ್ಲೂ ಹಾಗೇ ಆಯಿತು. ಅವನು ತಾಯಿಗೆ ಆಗೀಗ ಫೋನು ಮಾಡಲು ಶುರುಮಾಡಿದ. ಯಾಕೆ ಬಿಟ್ಟುಹೋದೆ ಎಂದು ಮತ್ತೆ ಕೇಳಲಿಲ್ಲ. ನಾನು ಹುಟ್ಟಿದ್ದು ಹಗಲಲ್ಲೋ ರಾತ್ರಿಯಲ್ಲೋ, ಮೊದಲು ನಡೆದದ್ದು ಯಾವಾಗ, ಅಪ್ಪ ನನ್ನನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿದ. ಅವನ ಮೊದಲ ವರ್ಷಗಳನ್ನು ಅಷ್ಟು ಹತ್ತಿರದಿಂದ ಕಂಡವಳು ಅವಳೊಬ್ಬಳೇ. ಅವಳು ಅವನನ್ನು ಕೇಳಿದ್ದು ಶಾಲೆಗೆ ಎಷ್ಟು ದೂರ ನಡೆಯುತ್ತಿದ್ದೆ, ಮಳೆಗಾಲದಲ್ಲಿ ಏನು ಹೊದೆಯುತ್ತಿದ್ದೆ, ಜ್ವರ ಬಂದಾಗ ಯಾರು ಕಾಯುತ್ತಿದ್ದರು ಎಂದು. ಅವನು ಹೇಳಿದ, ಅವಳು ಸಮರ್ಥನೆ ಹೇಳದೆ ಕೇಳಿಸಿಕೊಂಡಳು. ಯಾರ ಬಳಿ ಕೇಳಲಿ ಎಂದು ಅವನು ನನ್ನೆದುರು ಕೂತು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕದ್ದು ಹೀಗೆ. ಇಬ್ಬರೂ ಒಂದೇ ಮನೆಯಲ್ಲಿಲ್ಲ, ಮುಂದೆಯೂ ಇರಲಿಕ್ಕಿಲ್ಲ. ಆದರೆ ಒಬ್ಬರ ಬಳಿಯಿಲ್ಲದ ವರ್ಷಗಳನ್ನು ಇನ್ನೊಬ್ಬರು ಕೊಟ್ಟಿದ್ದಾರೆ.

ಹೀಗೆ ಮಾತಾಡುವುದು ಎಲ್ಲರಿಗೂ ತಾನಾಗಿ ಒದಗುವುದಿಲ್ಲ. ಬಾಯಿ ತೆರೆದರೆ ಜಗಳವೇ ಆಗುವ ಮನೆಗಳಿವೆ, ಹಳೆಯ ನೋವು ಕುಡಿತಕ್ಕೆ, ನಿದ್ದೆಗೇಡಿಗೆ ತಿರುಗಿದವರಿದ್ದಾರೆ. ಅಂಥವರು ಆಪ್ತಸಲಹೆ ಪಡೆಯಲು ಹಿಂಜರಿಯಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಎಲ್ಲ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಾಸನದವರೆಗೂ ಹೋಗಲಾಗದ ತೋಟದ ಹುಡುಗನಿಗೆ ಅದು ಕೈಗೆಟಕುವ ಬಾಗಿಲು. ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೆ. ತಾಯಿ ಹೋದ ಮನೆಯಲ್ಲಿ ಮಗು ಅವಳ ಬಗ್ಗೆ ಕೇಳಿದರೆ ಅದರ ವಯಸ್ಸಿಗೆ ತಕ್ಕ ಸತ್ಯ ಹೇಳಿ, ‘ಅವಳು ಹೋದದ್ದು ನಿನ್ನಿಂದಲ್ಲ’ ಎಂಬುದನ್ನು ತಪ್ಪದೇ ಹೇಳಿ. ಅವಳ ಫೋಟೋ ಮುಚ್ಚಿಡಬೇಡಿ.

ಧಾರಾವಾಹಿ ಬರೆಯುವವರಿಗೂ ಒಂದು ಮಾತು. ನಮ್ಮ ಪ್ರೇಕ್ಷಕರು ಬರೀ ಗುಟ್ಟಿಗೆ ಕಾಯುವವರಲ್ಲ. ದೂರದರ್ಶನದಲ್ಲಿ 1998ರಲ್ಲಿ ಶುರುವಾದ ಟಿ.ಎನ್. ಸೀತಾರಾಂ ಮತ್ತು ಗೆಳೆಯರ ‘ಮಾಯಾಮೃಗ’ದಲ್ಲಿ ಮನುಷ್ಯರು ಎದುರುಬದುರು ಕೂತು ಆಡುವ ಮಾತುಗಳನ್ನೇ ಕನ್ನಡಿಗರು ಸಂಜೆ ಸಂಜೆ ಕಾದು ನೋಡಿದರು. ತಬ್ಬಿಕೊಂಡ ಮಾರನೆಯ ದಿನ ಆ ತಾಯಿ ಮಗ ಊಟಕ್ಕೆ ಕೂತು ಏನು ಮಾತಾಡಿದರು ಎಂದು ತೋರಿಸಿ. ಅಲ್ಲಿ ನೂರು ಕಂತಿಗೆ ಬೇಕಾಗುವಷ್ಟು ಕಥೆಯಿದೆ.

ಕೇಳಿದವರಿಗೆ ನನ್ನ ಉತ್ತರ ಹೀಗಿದೆ. ಅಮ್ಮಂದಿರೇ, ಅವನು ಮುಖ ತಿರುಗಿಸಿದ್ದನ್ನು ದ್ವೇಷವೆಂದು ತಿಳಿಯಬೇಡಿ. ಅವನು ಎಷ್ಟು ಕಾದಿದ್ದ ಎಂಬುದರ ಗುರುತು ಅದು. ಹುಡುಗರೇ, ಕ್ಷಮಿಸುವ ಸಾಲ ನಿಮ್ಮ ಮೇಲಿಲ್ಲ, ಅದಕ್ಕೆ ಗಡುವು ಹಾಕುವ ಹಕ್ಕೂ ಯಾರಿಗಿಲ್ಲ. ಆದರೆ ಅವಳ ಮಾತು ಒಮ್ಮೆ ಪೂರ್ತಿ ಕೇಳಿ, ನಿಮ್ಮ ಮಾತು ಅವಳು ಒಮ್ಮೆ ಪೂರ್ತಿ ಕೇಳುವಂತೆ ಮಾಡಿ. ಕ್ಷಮೆ ಬರುವುದಾದರೆ ಆ ಮಾತುಗಳ ನಂತರ ಬರುತ್ತದೆ. ಬಾರದಿದ್ದರೂ, ತಾನು ಬೇಡವಾದ ಮಗು ಎಂಬ ಹಳೆಯ ಲೆಕ್ಕ ತಪ್ಪಾಗಿತ್ತೆಂದು ತಿಳಿದು ಬದುಕುವುದು ದೊಡ್ಡ ಬಿಡುಗಡೆ.